ಹೊಗೆಯೆಂದರೆ ಉರಿಯದೆ ಹೋದ ಸೌದೆ

(ಕೆಂಗೇರಿ ಸುತ್ತಿನ ಹಾಲು ಉತ್ಪಾದಕರ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಪೆಲೆಟ್ ಒಲೆಯ ವಿಚಾರವಾಗಿ ಎರಡು ಮಾತು ಹೇಳಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ನಾನು ವಿಜ್ಞಾನಿಯಲ್ಲ, ಒಲೆ ಮಾರುವವನೂ ಅಲ್ಲ. ನಿಮ್ಮ ಹಾಗೆಯೇ ಎರಡು ಹೊತ್ತು ಕ್ಯಾನು ಹಿಡಿದು ಡೇರಿಗೆ ಹಾಲು ಹಾಕುವವನು. ಒಲೆಯಿಂದ ನಷ್ಟ ಮಾಡಿಕೊಂಡು, ಆಮೇಲೆ ಪಾಠ ಕಲಿತವನು. ಆ ಪಾಠವನ್ನು ನೀವು ನಷ್ಟವಿಲ್ಲದೆ ಕಲಿಯಲಿ ಎಂದು ಇಲ್ಲಿ ನಿಂತಿದ್ದೇನೆ.

ಒಲೆಗೂ ಹಾಲಿಗೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಬೆಳಿಗ್ಗೆ ಎದ್ದ ಕೂಡಲೇ ನಮಗೆ ಬಿಸಿನೀರು ಬೇಕು. ಕೆಚ್ಚಲು ತೊಳೆಯಲು ಉಗುರುಬೆಚ್ಚಗಿನ ನೀರು, ಹಾಲು ಕರೆಯುವ ಪಾತ್ರೆ ಮತ್ತು ಕ್ಯಾನು ತೊಳೆಯಲು ಕಾದ ನೀರು, ಹಸುವಿಗೆ ಹುರುಳಿ ಬೇಯಿಸಲು ಒಂದು ಉರಿ. ಇದಕ್ಕೆಲ್ಲ ಸಿಲಿಂಡರ್ ಗ್ಯಾಸ್ ಉರಿಸಿದರೆ ಹಾಲಿನ ಬಟವಾಡೆಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಅಡುಗೆ ಗ್ಯಾಸಿನಲ್ಲಾದರೂ ಕೊಟ್ಟಿಗೆಯ ಒಲೆ ಇವತ್ತಿಗೂ ಸೌದೆಯದೇ. ಕೊಟ್ಟಿಗೆಯಲ್ಲಿ ಹೊಗೆ ತುಂಬಿದರೆ ಅದು ಹಾಲಿಗೂ ಇಳಿಯುತ್ತದೆ. ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

ನಮ್ಮ ಮನೆಯಲ್ಲಿ ಆದದ್ದು ಇದೇ. ಪೆಲೆಟ್ ಒಲೆ ತಂದ ಮೊದಲನೇ ವಾರ. ಮಾರಿದವರು ಹೊಗೆಯೇ ಬರುವುದಿಲ್ಲ ಎಂದಿದ್ದರು. ನಾನು ಕಂಠದವರೆಗೆ ಪೆಲೆಟ್ ತುಂಬಿ, ಫ್ಯಾನನ್ನು ಪೂರ್ತಿ ತಿರುಗಿಸಿ ಹಚ್ಚಿದೆ. ಹಳೆಯ ಮೂರು ಕಲ್ಲಿನ ಒಲೆಗಿಂತ ಹೆಚ್ಚು ಹೊಗೆ ಬಂತು. ಪಕ್ಕದಲ್ಲೇ ಮುಚ್ಚಳ ತೆರೆದ ಕ್ಯಾನು. ಡೇರಿಯಲ್ಲಿ ಹಾಲು ಪರೀಕ್ಷಕ ಮೂಗು ಹತ್ತಿರ ತಂದವನೇ, "ಅಣ್ಣಾ, ಹಾಲು ಹೊಗೆ ನಾತ ಹೊಡೀತೈತೆ, ನಾನು ತಗೊಳಕ್ಕಾಗಲ್ಲ" ಅಂದ. ಆ ಹೊತ್ತಿನ ಹಾಲು ಪೂರ್ತಿ ವಾಪಸ್ಸು. ಅವನದು ತಪ್ಪಲ್ಲ. ನನ್ನ ಒಂದು ಕ್ಯಾನು ಇಡೀ ಸಂಘದ ಹಾಲನ್ನು ಕೆಡಿಸಬಾರದಲ್ಲ.

ಒಲೆಯನ್ನು ಮೂಲೆಗೆ ಎಸೆಯಬೇಕೆಂದಿದ್ದೆ. ತಡೆದವಳು ನಮ್ಮವ್ವ. ಅವಳು ಒಲೆಯೊಳಗೆ ಬಗ್ಗಿ ನೋಡಿ, "ಮೇಲಿರೋ ತೂತೆಲ್ಲ ಮುಚ್ಚೋ ಹಂಗೆ ತುಂಬಿದ್ದೀಯಲ್ಲಪ್ಪಾ, ಹೊಗೆ ಎಲ್ಲಿ ಹತ್ಕೋಬೇಕು?" ಅಂದಳು. "ಊದುಕೊಳವೇಲಿ ಬುಡಕ್ಕೆ ಊದಿದ್ರೆ ಕೆಂಡ ಆಯ್ತದೆ. ಕೆಂಡದ ಮೇಲ್ಗಡೆ ಊದಿದ್ರೆ ಹೊಗೆ ಹತ್ಕೊಂಡು ಉರೀತದೆ. ಎರಡೂ ಬೇಕು." ನಾನು ಆಮೇಲೆ ಓದಿ ತಿಳಿದದ್ದೆಲ್ಲ ಈ ಮಾತಿನೊಳಗೇ ಇದೆ.

ಒಲೆಯ ಒಳಗೆ ನಡೆಯುವುದೇನು?

ಸೌದೆಯಾಗಲಿ ಪೆಲೆಟ್ ಆಗಲಿ ಒಂದೇ ಸಲಕ್ಕೆ ಉರಿಯುವುದಿಲ್ಲ. ಶಾಖ ತಗುಲಿದಾಗ ಮೊದಲು ತೇವ ಹೋಗುತ್ತದೆ. ಆಮೇಲೆ ಸೌದೆಯಿಂದ ಉರಿಯುವ ಅನಿಲ ಹೊರಡುತ್ತದೆ. ಕೊನೆಗೆ ಇದ್ದಿಲು ಉಳಿಯುತ್ತದೆ. ಸೌದೆಯ ತೂಕದಲ್ಲಿ ಹೆಚ್ಚಿನ ಪಾಲು ಅನಿಲವಾಗಿಯೇ ಹೋಗುತ್ತದೆ. ಆ ಅನಿಲಕ್ಕೆ ಸಾಕಷ್ಟು ಬಿಸಿಯೂ ಗಾಳಿಯೂ ಸಿಕ್ಕಿದರೆ ಅದು ಜ್ವಾಲೆ. ಸಿಗದಿದ್ದರೆ ಅದೇ ಹೊಗೆ. ಅಂದರೆ ಹೊಗೆಯೆಂದರೆ ಉರಿಯದೆ ಹೋದ ಸೌದೆ. ನೀವು ದುಡ್ಡು ಕೊಟ್ಟು ತಂದದ್ದು ಕಣ್ಣು ಉರಿಸಿ, ಗೋಡೆ ಕಪ್ಪು ಮಾಡಿ ಹೊರಗೆ ಹೋಯಿತು ಎಂದು ಲೆಕ್ಕ.

ಪೆಲೆಟ್ ಒಲೆಯಲ್ಲಿ ಒಂದು ಸಣ್ಣ ಫ್ಯಾನು ಇರುತ್ತದೆ. ಅದರ ಗಾಳಿ ಎರಡು ಪಾಲಾಗುತ್ತದೆ. ಒಂದು ಪಾಲು ಅಡಿಯ ಜಾಲರಿಯಿಂದ ಬಂದು ಪೆಲೆಟ್ಟಿನಿಂದ ಅನಿಲ ಹೊರಡಿಸುತ್ತದೆ. ಇನ್ನೊಂದು ಪಾಲು ಮೇಲಿನ ಸುತ್ತು ತೂತುಗಳಿಂದ ಬಂದು ಆ ಅನಿಲವನ್ನು ಉರಿಸುತ್ತದೆ. ಅಡಿಯ ಗಾಳಿ ಹೆಚ್ಚಾಗಿ ಮೇಲಿನ ಗಾಳಿ ಕಡಿಮೆಯಾದರೆ ಹೊಗೆ. ಎರಡೂ ವಿಪರೀತವಾದರೆ ಜ್ವಾಲೆ ತಣ್ಣಗಾಗಿ ಕಿತ್ತುಹೋಗುತ್ತದೆ. ಇವೆರಡರ ಹದ ಹಿಡಿಯುವುದೇ ಒಲೆ ಹೊಂದಿಸುವ ಕೆಲಸ.

ಈ ವಿದ್ಯೆ ಬೆಳೆದದ್ದು ನಮ್ಮ ಹತ್ತಿರದಲ್ಲೇ. ರಾಜಾಜಿನಗರಕ್ಕೆ ಸಮೀಪದಲ್ಲಿರುವ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕಾರ್ಯಕ್ರಮ ಶುರುವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರವಿತ್ತು. ಮೂರು ಪಾತ್ರೆ ಇಡುವ, ಹೊಗೆಕೊಳವೆಯಿರುವ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಹಿರಿಯರು ನೋಡಿಯೇ ಇದ್ದೀರಿ. ಮುಂದೆ ಅದೇ ಸಂಸ್ಥೆಯ ಪ್ರೊ. ಎಚ್. ಎಸ್. ಮುಕುಂದ ಮತ್ತು ಅವರ ಸಂಗಡಿಗರು ಫ್ಯಾನಿನ ಪೆಲೆಟ್ ಒಲೆಯ ವಿಜ್ಞಾನವನ್ನು ರೂಪಿಸಿದರು. 2006ರಲ್ಲಿ ಅದು ‘ಊರ್ಜಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಲಕ್ಷಗಟ್ಟಲೆ ಮನೆ ಸೇರಿತು. ಆದರೆ ಕಬ್ಬಿನ ಸಿಪ್ಪೆಯಂಥ ಕಚ್ಚಾ ಮಾಲಿನ ಬೆಲೆ ಏರಿ, ಪೆಲೆಟ್ ದುಬಾರಿಯಾದಾಗ ಬಹಳ ಮನೆಗಳಲ್ಲಿ ಒಲೆ ಅಟ್ಟ ಸೇರಿತು. ಈ ಮಾತನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಲೆಕ್ಕಕ್ಕೆ ಬರುತ್ತೇನೆ.

ಮೊದಲು ಪೆಲೆಟ್ ನೋಡಿ

ಪೆಲೆಟ್ ನಮಗೆ ಹೊಸದಲ್ಲ. ಪಶು ಆಹಾರದ ಗುಳಿಗೆ ಇದೆಯಲ್ಲ, ಅದೇ ರೀತಿ ಮರದ ಪುಡಿ, ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ ಇವನ್ನು ಯಂತ್ರದಲ್ಲಿ ಒತ್ತಿ ತೆಗೆದದ್ದು. ಪಶು ಆಹಾರದ ಚೀಲವನ್ನು ಹೇಗೆ ಕಾಪಾಡುತ್ತೀರೋ ಇದನ್ನೂ ಹಾಗೆಯೇ ಕಾಪಾಡಬೇಕು. ನೆಲಕ್ಕೆ ಇಡದೆ ಹಲಗೆಯ ಮೇಲೆ ಇಡಿ, ಗೋಡೆಗೆ ತಾಗಿಸಬೇಡಿ. ಒಂದು ಎಚ್ಚರಿಕೆ: ಎರಡು ಚೀಲವನ್ನು ಅಕ್ಕಪಕ್ಕ ಇಡಬೇಡಿ. ಕತ್ತಲಲ್ಲಿ ಮಕ್ಕಳು ಉರಿಸುವ ಗುಳಿಗೆಯನ್ನು ಹಸುವಿನ ಮುಂದೆ ಸುರಿದರೆ ಕಷ್ಟ.

ಒಳ್ಳೆಯ ಪೆಲೆಟ್ಟಿನಲ್ಲಿ ತೇವ ನೂರಕ್ಕೆ 10ಕ್ಕಿಂತ ಕಡಿಮೆ ಇರಬೇಕು. ಅಳೆಯುವ ಯಂತ್ರ ಬೇಡ, ಕೈಯೇ ಸಾಕು. ಮುರಿದರೆ ‘ಟಕ್’ ಎಂದು ಸದ್ದಾಗಬೇಕು. ಬೆರಳಲ್ಲಿ ಹಿಸುಕಿದರೆ ಪುಡಿಯಾಗುವುದು ತೇವ ಕುಡಿದದ್ದು. ಒಂದು ಲೋಟ ನೀರಿಗೆ ಹಾಕಿದರೆ ಮುಳುಗಬೇಕು, ಸ್ವಲ್ಪ ಹೊತ್ತಿಗೆ ಉಬ್ಬಿ ಪುಡಿಯಾಗಬೇಕು. ಚೀಲದ ತಳದಲ್ಲಿ ಉಳಿಯುವ ಪುಡಿಯನ್ನು ಒಲೆಗೆ ಸುರಿಯಬೇಡಿ. ಅದು ಜಾಲರಿ ಮುಚ್ಚುತ್ತದೆ, ಗಾಳಿ ಮೇಲೆ ಬರುವುದಿಲ್ಲ. ಜರಡಿ ಹಿಡಿದು ಹಾಕಿ.

ಯಾವುದರಿಂದ ಮಾಡಿದ್ದು ಎಂದೂ ಕೇಳಿ. ಶುದ್ಧ ಮರದ ಪುಡಿಯ ಪೆಲೆಟ್ಟಿನಲ್ಲಿ ಬೂದಿ ನೂರಕ್ಕೆ 1ರ ಆಸುಪಾಸು. ಭತ್ತದ ಹೊಟ್ಟಿನಲ್ಲಾದರೆ ಸುಮಾರು ಐದರಲ್ಲಿ ಒಂದು ಪಾಲು ಬೂದಿಯೇ. ಬೂದಿ ಹೆಚ್ಚಿದ್ದರೆ, ಮಣ್ಣು ಬೆರೆತಿದ್ದರೆ, ಜಾಲರಿಯ ಮೇಲೆ ಕರಗಿ ಕಲ್ಲಿನಂತೆ ಕಿಟ್ಟ ಕಟ್ಟುತ್ತದೆ. ಅಡಿಯಿಂದ ಗಾಳಿ ಜಾಸ್ತಿ ಕೊಟ್ಟರೂ ಕಿಟ್ಟ ಹೆಚ್ಚು.

ಹಚ್ಚುವ ಕ್ರಮ

ಒಲೆ ಪೂರ್ತಿ ತಣ್ಣಗಿದ್ದಾಗ ಹಿಂದಿನ ಬೂದಿ ತೆಗೆಯಿರಿ, ಕಿಟ್ಟ ಕೆರೆಯಿರಿ. ಮೇಲಿನ ತೂತುಗಳನ್ನು ತಂತಿಯಲ್ಲಿ ಒಂದೊಂದಾಗಿ ಚುಚ್ಚಿ ನೋಡಿ. ನಾಲ್ಕಾರು ತೂತು ಮುಚ್ಚಿಕೊಂಡರೂ ಆ ಪಕ್ಕದಿಂದ ಹೊಗೆ ಬರುತ್ತದೆ. ವಾರಕ್ಕೊಮ್ಮೆ, ತಂತಿ ಬಿಚ್ಚಿ, ಫ್ಯಾನಿನ ರೆಕ್ಕೆಯ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಕೊಟ್ಟಿಗೆಯಲ್ಲಿ ಹುಲ್ಲಿನ ಧೂಳು ಜಾಸ್ತಿ, ಫ್ಯಾನು ಬೇಗ ಕಟ್ಟುತ್ತದೆ.

ಪೆಲೆಟ್ ತುಂಬುವಾಗ ಮೇಲಿನ ತೂತುಗಳಿಗಿಂತ ಒಂದು ಬೆರಳು ಕೆಳಗೆ ನಿಲ್ಲಿಸಿ. ನಾನು ತಪ್ಪು ಮಾಡಿದ್ದು ಇಲ್ಲೇ. ಮೇಲೆ ಒಣ ತೆಂಗಿನ ನಾರು, ಸಣ್ಣ ಚಕ್ಕೆ ಹರಡಿ ಮೇಲಿನಿಂದಲೇ ಹಚ್ಚಿ. ಫ್ಯಾನು ಮೊದಲು ಅತಿ ಕಡಿಮೆ. ಪೆಲೆಟ್ಟಿನ ಮೇಲ್ಮೈ ಉದ್ದಗಲಕ್ಕೂ ಹೊತ್ತಿಕೊಂಡ ಮೇಲೆ, ಎರಡು ಮೂರು ನಿಮಿಷ ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಏರಿಸಿ. ಆಮೇಲೆ ಪಾತ್ರೆ ಇಡಿ. ಸೀಮೆಎಣ್ಣೆ, ಪೆಟ್ರೋಲ್ ಖಂಡಿತ ಬೇಡ.

ಉರಿಯುತ್ತಿರುವಾಗ ಹಿಡಿ ತುಂಬಾ ಪೆಲೆಟ್ ಸುರಿಯಬಾರದು. ಬೆಂಕಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಿರುತ್ತದೆ. ಅದರ ಮೇಲೆ ತಣ್ಣಗಿನ ಪೆಲೆಟ್ ಬಿದ್ದರೆ ಹೊಗೆಯೇ ಗತಿ. ಎಷ್ಟು ಕೆಲಸವೋ ಅಷ್ಟನ್ನು ಮೊದಲೇ ಅಳೆದು ಹಾಕಿ. ಒಂದು ಲೀಟರ್ ಅಳತೆಗೆ ಸುಮಾರು 600 ಗ್ರಾಂ ಪೆಲೆಟ್ ಹಿಡಿಯುತ್ತದೆ. ಹಾಲಿನ ಲೀಟರ್ ಬಳಸಬೇಡಿ, ಹಳೆಯ ಡಬ್ಬಿ ಇಟ್ಟುಕೊಳ್ಳಿ! ಒಂದು ಡಬ್ಬಿ ಎಷ್ಟು ನಿಮಿಷ ಉರಿಯಿತು, ಎಷ್ಟು ಕೊಡ ನೀರು ಕಾಯಿತು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ನಾಲ್ಕು ದಿನದಲ್ಲಿ ನಿಮ್ಮ ಒಲೆಯ ಲೆಕ್ಕ ನಿಮಗೇ ಸಿಗುತ್ತದೆ.

ಜ್ವಾಲೆ ಹೇಳುವ ಮಾತು

ಹಸುವಿನ ಮೆಲುಕು, ಸಗಣಿ ನೋಡಿ ಆರೋಗ್ಯ ಹೇಳುವವರು ನೀವು. ಒಲೆಯ ಆರೋಗ್ಯವನ್ನೂ ಹಾಗೆಯೇ ನೋಡಿ ಹೇಳಬಹುದು.

1. ಜ್ವಾಲೆ ಉದ್ದವಾಗಿ, ಸೋಮಾರಿಯಾಗಿ, ತುದಿಯಲ್ಲಿ ಕಪ್ಪಾಗಿ ಆಡುತ್ತಿದ್ದರೆ, ಪಾತ್ರೆಯ ತಳಕ್ಕೆ ಮಸಿ ಹತ್ತಿದರೆ, ಮೇಲಿನ ಗಾಳಿ ಸಾಲದು. ತೂತು ನೋಡಿ. ತುಂಬಿದ ಮಟ್ಟ ನೋಡಿ. ಫ್ಯಾನು ಸ್ವಲ್ಪ ಏರಿಸಿ. ಕೆಲವು ಒಲೆಗಳಲ್ಲಿ ಅಡಿಯ ಗಾಳಿಗೆ ಬೇರೆ ತಗಡಿನ ಬಾಗಿಲು ಇರುತ್ತದೆ. ಇದ್ದರೆ ಅದನ್ನು ಸ್ವಲ್ಪ ಮುಚ್ಚಿ.

2. ಜ್ವಾಲೆ ಭರ್ರೆಂದು ಸದ್ದು ಮಾಡುತ್ತ, ಕಿಡಿಯೂ ಬೂದಿಯೂ ಹಾರುತ್ತಿದ್ದರೆ, ತೂತಿನ ಬಾಯಿಂದ ಕಿತ್ತು ಮೇಲೆ ನಿಂತಿದ್ದರೆ, ಗಾಳಿ ಅತಿಯಾಯಿತು. ಫ್ಯಾನು ಇಳಿಸಿ.

3. ಜ್ವಾಲೆ ಆರಿ ದಟ್ಟ ಬಿಳಿ ಹೊಗೆ ಬಂದರೆ ಅದು ಹೊತ್ತದೆ ಹೋಗುತ್ತಿರುವ ಅನಿಲ. ಒಲೆಯ ಮೇಲೆ ಬಗ್ಗಿ ನೋಡಬೇಡಿ. ಅದು ಒಮ್ಮೆಲೇ ‘ಭಗ್’ ಎಂದು ಹೊತ್ತಿಕೊಳ್ಳಬಹುದು. ಫ್ಯಾನು ಇಳಿಸಿ, ದೂರ ನಿಂತು, ಉದ್ದನೆಯ ಕಡ್ಡಿಯ ತುದಿಯಲ್ಲಿ ಬೆಂಕಿ ಹಿಡಿದು ಮೇಲಿನಿಂದ ಹಚ್ಚಿ. ಮತ್ತೆ ಮತ್ತೆ ಆರಿದರೆ ಪೆಲೆಟ್ ತೇವವಾಗಿದೆ ಎಂದು ಅರ್ಥ.

4. ಜ್ವಾಲೆ ಗಿಡ್ಡವಾಗಿ, ಸುತ್ತಿನ ತೂತುಗಳಿಂದ ನಡುವಿಗೆ ಬಾಗಿ ಕೂಡಿಕೊಂಡಿದ್ದರೆ, ಕಣ್ಣು ಉರಿಯದಿದ್ದರೆ, ಪಾತ್ರೆಯ ತಳ ಬೆಳ್ಳಗೆ ಉಳಿದರೆ ಹದ ಸಿಕ್ಕಿತು. ಗ್ಯಾಸಿನ ಹಾಗೆ ಪೂರ್ತಿ ನೀಲಿ ಆಗಲಿ ಎಂದು ಕಾಯಬೇಡಿ. ಸೌದೆಯ ಜ್ವಾಲೆ ಹಳದಿ ಕಿತ್ತಳೆ ಬಣ್ಣದಲ್ಲೇ ಶುದ್ಧವಾಗಿ ಉರಿಯುತ್ತದೆ.

ಪಾತ್ರೆಯನ್ನು ಒಲೆಯ ಬಾಯಿಗೆ ಒತ್ತಿ ಇಡಬೇಡಿ. ತಣ್ಣಗಿನ ತಳ ಜ್ವಾಲೆಗೆ ಬೇಗ ತಾಗಿದರೆ ಮಸಿ ಕಟ್ಟುತ್ತದೆ. ಒಲೆಯ ಜೊತೆ ಕೊಟ್ಟ ಕಾಲಿನ ಮೇಲೇ ಇಡಿ.

ಮುಖ್ಯವಾದ ಮಾತು: ಒಂದು ಸಲಕ್ಕೆ ಒಂದೇ ಬದಲಾವಣೆ. ಹಸುವಿಗೆ ಒಂದೇ ದಿನ ಮೇವೂ ಬದಲಿಸಿ ಹಿಂಡಿಯೂ ಬದಲಿಸಿದರೆ, ಯಾವುದರಿಂದ ಭೇದಿಯಾಯಿತು ಎಂದು ಹೇಗೆ ಹೇಳುತ್ತೀರಿ? ಒಲೆಗೂ ಅಷ್ಟೇ. ಫ್ಯಾನು ತಿರುಗಿಸಿ ಐದು ನಿಮಿಷ ಕಾಯಿರಿ. ನೋಡಿ. ಆಮೇಲೆ ಇನ್ನೊಂದು.

ಹೊಗೆ ಕಾಣದಾಗಲೂ ಎಚ್ಚರ

ತಾಯಂದಿರು ಇದನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆ ಮುಂದೆ ಕೂರುವ ಹೆಂಗಸರೂ ಪಕ್ಕದಲ್ಲಿರುವ ಮಕ್ಕಳೂ ಇದಕ್ಕೆ ಮೊದಲು ಸಿಗುವವರು. ಹೊಗೆ ಕಡಿಮೆ ಮಾಡಿದರೆ ಅಷ್ಟು ಒಳ್ಳೆಯದು.

ಆದರೆ ಪೆಲೆಟ್ ಉರಿದು ಮುಗಿದು ಇದ್ದಿಲು ಮಾತ್ರ ಉಳಿದಾಗ ಹೊಗೆ ಕಾಣುವುದಿಲ್ಲ. ಆಗಲೇ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಹೆಚ್ಚು ಬರುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ತಲೆಸುತ್ತು. ಆಮೇಲೆ ಎದ್ದೇಳಲೂ ಆಗುವುದಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಬೆಚ್ಚಗಿರಲಿ ಎಂದು ಕೆಂಡವಿರುವ ಒಲೆಯನ್ನು ಮಲಗುವ ಕೋಣೆಗಾಗಲಿ, ಮುಚ್ಚಿದ ಕೊಟ್ಟಿಗೆಗಾಗಲಿ, ಕರು ಕಟ್ಟುವ ಕೋಣೆಗಾಗಲಿ ಒಯ್ಯಲೇಬೇಡಿ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಮಾರೇನಹಳ್ಳಿಯಂಥ ಹಳೆಯ ಊರುಗಳು ಇವತ್ತು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ನಡುವೆ ಸೇರಿಹೋಗಿವೆ. ಅಂಥ ಕಡೆ ಹಸು ಕಟ್ಟುವವರಿಗೆ ಗೋಡೆಗೆ ಗೋಡೆ ತಾಗಿದ ಇಕ್ಕಟ್ಟು. ಅವರು ಒಲೆಯನ್ನು ಹಿತ್ತಿಲಲ್ಲೋ ತೆರೆದ ಜಗುಲಿಯಲ್ಲೋ ಇಡಲಿ. ಒಳಗೇ ಇಡಬೇಕಾದರೆ ಎದುರುಬದುರಾಗಿ ಕಿಟಕಿ ಬಾಗಿಲು ತೆರೆದಿರಲಿ. ಹಾಲಿನ ಕ್ಯಾನು ಒಲೆಯಿರುವ ಕಡೆ ಬೇಡವೇ ಬೇಡ.

ಮಧ್ಯದಲ್ಲಿ ಕರೆಂಟು ಹೋಗಿ ಫ್ಯಾನು ನಿಂತರೆ ದಟ್ಟ ಹೊಗೆ ಬರುತ್ತದೆ. ಉರಿಯುವ ಒಲೆಯನ್ನು ಎತ್ತಿಕೊಂಡು ಓಡಬೇಡಿ, ನೀರು ಸುರಿಯಬೇಡಿ. ಪಾತ್ರೆ ಇಳಿಸಿ, ಬಾಗಿಲು ತೆರೆದು, ಎಲ್ಲರೂ ಹೊರಗೆ ಬನ್ನಿ. ಬ್ಯಾಟರಿಯಿರುವ ಒಲೆಯಾದರೆ ರಾತ್ರಿಯೇ ಚಾರ್ಜಿಗೆ ಹಾಕಿ. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬದಲ್ಲಿ ಒಂದು ದಿನ ಹೊರಗಿಟ್ಟು, ಪೂರ್ತಿ ಆರಿದ ಮೇಲೆ ತಿಪ್ಪೆಗೆ ಹಾಕಿ. ಒಂದು ಕೆಂಡ ಸಾಕು ಹುಲ್ಲಿನ ಮೆದೆ ಹೋಗಲು.

ಕೊನೆಗೆ ಲೆಕ್ಕ

ಪೆಲೆಟ್ ಒಲೆ ಎಲ್ಲರಿಗೂ ಬೇಕು ಎಂದು ನಾನು ಹೇಳುವುದಿಲ್ಲ. ಜಾಗವಿದ್ದು ಮೂರು ನಾಲ್ಕು ರಾಸು ಇರುವವರು ಮೊದಲು ಗೋಬರ್ ಗ್ಯಾಸ್ ಯೋಚಿಸಿ. 2 ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಸಾಕು, ಗೊಬ್ಬರವೂ ಉಳಿಯುತ್ತದೆ. ಜಾಗವಿಲ್ಲದವರು ಪೆಲೆಟ್ ಲೆಕ್ಕ ಹಾಕಿ ನೋಡಿ.

ಲೆಕ್ಕ ಹೀಗೆ. ಒಂದು ಕಿಲೋ ಪೆಲೆಟ್ಟಿನಲ್ಲಿ ಸುಮಾರು 3,500ರಿಂದ 4,000 ಕಿಲೋ ಕ್ಯಾಲೊರಿ ಶಾಖವಿದೆ. ಒಂದು ಕಿಲೋ ಅಡುಗೆ ಅನಿಲದಲ್ಲಿ ಸುಮಾರು 11,000. ಗ್ಯಾಸ್ ಒಲೆ ಶಾಖವನ್ನು ಪಾತ್ರೆಗೆ ಹೆಚ್ಚು ಮುಟ್ಟಿಸುತ್ತದೆ ಎಂಬುದನ್ನೂ ಸೇರಿಸಿದರೆ, 14.2 ಕಿಲೋ ಸಿಲಿಂಡರಿನ ಕೆಲಸಕ್ಕೆ ಸುಮಾರು 60 ಕಿಲೋ ಪೆಲೆಟ್ ಬೇಕು. ನಿಮಗೆ ಸಿಗುವ ಪೆಲೆಟ್ಟಿನ ಬೆಲೆಯನ್ನು, ಸಾಗಾಣಿಕೆ ಸೇರಿಸಿ, 60ರಿಂದ ಗುಣಿಸಿ. ಬಂದ ಮೊತ್ತ ಸಿಲಿಂಡರಿಗಿಂತ ಕಡಿಮೆಯಿದ್ದರೆ ಮಾತ್ರ ಕೊಳ್ಳಿ. ಬೆಲೆ ಏರಿ ಒಲೆಗಳು ಅಟ್ಟ ಸೇರಿದ ಕಥೆ ಹೇಳಿದೆನಲ್ಲ, ಅದಕ್ಕೇ. ಒಲೆ ಕೊಳ್ಳುವ ಮೊದಲು ಪೆಲೆಟ್ ವರ್ಷವಿಡೀ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ಹತ್ತು ಮನೆಯವರು ಸೇರಿ ಒಟ್ಟಿಗೆ ತರಿಸಿದರೆ ಬೆಲೆಯೂ ಇಳಿಯುತ್ತದೆ. ಸಹಕಾರ ಎಂದರೆ ಅದೇ ತಾನೇ?

ಸೌದೆ ಒಲೆಯ ಜೊತೆಗೂ ಹೋಲಿಸಿ. 20 ಲೀಟರ್ ನೀರನ್ನು ಚೆನ್ನಾಗಿ ಕಾಯಿಸಲು ಹದವಾದ ಪೆಲೆಟ್ ಒಲೆಗೆ ಮುಕ್ಕಾಲು ಕಿಲೋ ಒಳಗೆ ಸಾಕು. ಮೂರು ಕಲ್ಲಿನ ಒಲೆಗೆ ಎರಡು ಕಿಲೋಗೂ ಮಿಕ್ಕಿ ಸೌದೆ ಬೇಕಾಗುತ್ತದೆ. ಆದರೆ ಹದ ತಪ್ಪಿ ಹೊಗೆಯಾಡುವ ಪೆಲೆಟ್ ಒಲೆಗೆ ಈ ಲೆಕ್ಕ ನಡೆಯುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಬೆಳಿಗ್ಗೆ ಒಲೆ ಹಚ್ಚುವವನು ನಾನೇ. ಅವ್ವ ಬಾಗಿಲಲ್ಲಿ ಕೂತು ಪಾತ್ರೆಯ ತಳ ನೋಡುತ್ತಾಳೆ. ಮಸಿ ಕಂಡರೆ ನನಗೆ ಬೈಗುಳ. ಡೇರಿಯಲ್ಲಿ ಆ ದಿನದ ಮೇಲೆ ಹೊಗೆ ವಾಸನೆಗೆ ಹಾಲು ವಾಪಸ್ಸು ಬಂದಿಲ್ಲ. ನೀವೂ ನಾಳೆ ಬೆಳಿಗ್ಗೆ ನಿಮ್ಮ ಒಲೆ ಯಾವುದೇ ಆಗಿರಲಿ, ನೀರು ಕಾಯಿಸಿದ ಪಾತ್ರೆಯನ್ನು ಒಮ್ಮೆ ಮಗುಚಿ ನೋಡಿ. ಕಪ್ಪಾಗಿದ್ದರೆ ನಿಮ್ಮ ದುಡ್ಡು ಅಲ್ಲಿ ಅಂಟಿಕೊಂಡಿದೆ ಎಂದು ತಿಳಿಯಿರಿ.